ಅಮೇರಿಕದ ಹಿಟ್ಟು, ನಂದಗಡದ ನುಚ್ಚಕ್ಕಿ

ಈ ಹೊತ್ತು ನಳಕ್ಕೆ ನೀರು ಬರುವ ಪಾಳಿ ಇತ್ತು. ಬೆಳಗಿನ ಐದಕ್ಕೆ ಎದ್ದು ಎರಡು ಹಂಡೆ, ನಾಲ್ಕು ಕೊಡ, ಬಚ್ಚಲಿನ ತೊಟ್ಟಿ ತುಂಬಿಸಿದೆ. ಹಾಲು ಕಾಸಿದೆ. ನಿನ್ನೆ ನೆನೆಹಾಕಿದ್ದ ಮಡಕೆ ಕಾಳನ್ನು ಬಸಿದು ಅರಿವೆಯಲ್ಲಿ ಕಟ್ಟಿಟ್ಟೆ. ಯಜಮಾನರ ಅಂಗಿಗೆ ಎರಡು ಗುಂಡಿ ಹಚ್ಚಿದೆ. ರವಿವಾರವಾದ್ದರಿಂದ ಮಗಳ ತಲೆಗೆ ಎಣ್ಣೆ ಹಚ್ಚಿ ಎರೆದೆ. ಸೀಗೆಪುಡಿ ಕಣ್ಣಿಗೆ ಹೋಯಿತೆಂದು ಅವಳು ಇಡೀ ಓಣಿಗೆ ಕೇಳುವಂತೆ ಅತ್ತಳು. ಆರನೆಯ ಇಯತ್ತೆಯ ಇಪ್ಪತ್ತು ಪೇಪರು ತಿದ್ದಿದೆ, ಉಳಿದವನ್ನು ಸಂಜೆಗೆ ಇಟ್ಟೆ. ಹತ್ತು ಗಂಟೆಗೆ ಜೋಳದ ಡಬ್ಬಿ ಸೊಂಟಕ್ಕೇರಿಸಿ ಗಿರಣಿಗೆ ನಡೆದೆ.

ಗಿರಣಿಯಲ್ಲಿ ನನ್ನ ಮುಂದೆ ಒಬ್ಬರದೇ ಪಾಳಿ. ಎಮ್ಮೆಗೆ ಹಾಕಲು ಯಾರೋ ಗೋವಿನಜೋಳ ತಂದಿದ್ದರು, ತರಿತರಿಯಾಗಿ ಒಡೆಸುತ್ತಿದ್ದರು. "ಐದ ಮಿನಿಟ ಕುಂದರ್ರಿ ಬಾಯಾರ" ಎಂದು ಗಿರಣಿಯವನು ಡಬ್ಬಿ ಇಸಿದುಕೊಂಡ. ಕಲ್ಲಿನ ಬಾಯಿಂದ ಹಳದಿ ಹಿಟ್ಟು ಬೀಳುತ್ತಿತ್ತು. ಬಿಸಿಯಾದ, ಸ್ವಲ್ಪ ಸಿಹಿಯಾದ, ಗಂಟಲಿಗೆ ಧೂಳು ಕೂರಿಸುವ ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಬೆಳಗಾವಿಯಲ್ಲಿ ಇರಲಿಲ್ಲ. ಖಾನಾಪುರ ತಾಲೂಕಿನ ಒಂದು ಸಾಲೆಯ ಹಿಂಬದಿಯಲ್ಲಿ, ಹಸಿ ಕಟ್ಟಿಗೆಯ ಹೊಗೆಯಲ್ಲಿ, ಇಪ್ಪತ್ತೆರಡು ವರ್ಷದವಳಾಗಿ ನಿಂತಿದ್ದೆ.

ಅದು ಎಪ್ಪತ್ತೊಂದನೆಯ ಇಸವಿ. ನನ್ನ ಮೊದಲ ನೌಕರಿ. ಜೂನ್ ತಿಂಗಳಲ್ಲಿ ಅಪ್ಪ ನನ್ನನ್ನು ಬಿಡಲು ಬಂದಿದ್ದರು. ಬಸ್ಸು ಪೀರನವಾಡಿ ದಾಟುವವರೆಗೆ ತುಂತುರು ಇದ್ದದ್ದು ಖಾನಾಪುರ ಬರುವಷ್ಟರಲ್ಲಿ ಜಡಿಮಳೆಯಾಯಿತು. ನಂದಗಡದಲ್ಲಿ ಇಳಿದು ಒಂದೂವರೆ ತಾಸು ಕೆಸರಿನಲ್ಲಿ ನಡೆದೆವು. ಅಪ್ಪನ ಒಂದು ಚಪ್ಪಲಿ ಗದ್ದೆಯ ಹುದುಲಲ್ಲಿ ಹೂತುಹೋಯಿತು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ನನ್ನನ್ನು ಊರಿನ ಹಿರಿಯರಿಗೆ ಒಪ್ಪಿಸಿದರು.

ಆ ಹಿರಿಯರು ಸುಭೇದಾರ ಮಾಮಾ. ಮರಾಠಿ ಮನೆಮಾತಿನವರು, ನನ್ನನ್ನು 'ಬಾಯಿ' ಎಂದು ಕರೆದು ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದರು. ಮಹಾಯುದ್ಧದಲ್ಲಿ ಇಟಲಿಯವರೆಗೆ ಹೋಗಿ ಬಂದವರು, ಪಿಂಚಣಿಯ ಮೇಲೆ ಊರಿಗೆ ಮರಳಿ ಹತ್ತು ವರ್ಷವಾಗಿತ್ತು. ಚರ್ಮದ ಚೀಲ ತೊಡಿಸಿದ ರೇಡಿಯೊ ಅವರ ಹೆಗಲಿನಿಂದ ಇಳಿದದ್ದನ್ನು ನಾನು ಕಂಡದ್ದು ಕಡಿಮೆ. ಒಬ್ಬನೇ ಮಗ ದತ್ತಾ, ಅಪ್ಪನದೇ ಪಲ್ಟನ್ನಿನಲ್ಲಿ ಸಿಪಾಯಿ. ಅವರ ಹೆಂಡತಿಗೆ ಊರೆಲ್ಲ ಮಾಮಿ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಅವರ ಮನೆಯ ಪಡಸಾಲೆಗೆ ಹತ್ತಿದ ಖೋಲಿ ನನಗಾಯಿತು. ಊಟವೂ ಅಲ್ಲೇ.

ಸಾಲೆಗೆ ಶಿಕ್ಷಕಿ ಎಂದರೆ ನಾನೊಬ್ಬಳೇ. ನಾಲ್ಕು ಇಯತ್ತೆ, ಒಂದು ದೊಡ್ಡ ಖೋಲಿ, ಒಂದು ಕಟ್ಟೆ, ಹಿಂದೆ ಒಂದು ಅಡುಗೆ ಚಪ್ಪರ. ಚಪ್ಪರದಲ್ಲಿ ಗಂಗವ್ವ. ನಲವತ್ತರ ಹೆಂಗಸು, ಗಂಡ ಇಲ್ಲ, ಮಾತಿಗೆ ಬರವಿಲ್ಲ. ಸರಕಾರದಿಂದ ಮಕ್ಕಳಿಗೆ ಮಧ್ಯಾಹ್ನ ಕೊಡಲು ಬರುತ್ತಿದ್ದ ಅಮೇರಿಕದ ಗೋವಿನಜೋಳದ ಹಳದಿ ಹಿಟ್ಟನ್ನು ಹಂಡೆಯಲ್ಲಿ ಉಪ್ಪಿಟ್ಟು ಮಾಡುವುದು ಅವಳ ಕೆಲಸ. ಹಿಟ್ಟು, ಎಣ್ಣೆಯ ಡಬ್ಬಿ ಖಾನಾಪುರದ ಗೋದಾಮಿನಿಂದ ಚಕ್ಕಡಿಯಲ್ಲಿ ಬರುತ್ತಿದ್ದವು. ಉಳ್ಳಾಗಡ್ಡಿ, ಮೆಣಸಿನಕಾಯಿಯನ್ನು ನಂದಗಡದ ಸಂತೆಯಿಂದ ನಾನು ತರುತ್ತಿದ್ದೆ.

ಆ ಹಿಟ್ಟಿನ ಚೀಲದ ಮೇಲೆ ಎರಡು ಕೈ ಒಂದನ್ನೊಂದು ಕುಲುಕುವ ಚಿತ್ರ ಇರುತ್ತಿತ್ತು. ಬಟ್ಟೆ ಗಟ್ಟಿ. ಖಾಲಿಯಾದ ಚೀಲ ಊರಲ್ಲಿ ಒಂದೂ ವ್ಯರ್ಥವಾಗುತ್ತಿರಲಿಲ್ಲ. ದಿಂಬಿನ ಗವಸು, ಕೂಸಿನ ಕುಂಚಿಗೆ, ಪಡದೆ, ಎಲ್ಲಕ್ಕಿಂತ ಹೆಚ್ಚಾಗಿ ಗಂಡುಹುಡುಗರ ಚಡ್ಡಿ. ಚಡ್ಡಿಯ ಹಿಂಬದಿಗೇ ಕೈಗಳು ಸರಿಯಾಗಿ ಬರುವಂತೆ ದರ್ಜಿ ಕತ್ತರಿಸುತ್ತಿದ್ದ. ಪ್ರಾರ್ಥನೆಗೆ ನಿಂತ ಮಕ್ಕಳ ಹಿಂದೆ ನಿಂತರೆ ಅಮೇರಿಕ ಸಾಲಾಗಿ ಕೈ ಕುಲುಕುತ್ತಿತ್ತು.

ಆ ವರ್ಷದ ನನ್ನ ಹಟ ಒಂದೇ, ಅದನ್ನು ಹೇಳಬೇಕು. ಊರಿಂದ ಎರಡು ಮೈಲು ಮೇಲೆ, ಕಾಡಿನ ಅಂಚಿಗೆ ಎಮ್ಮೆ ಸಾಕುವ ಧನಗರ ಗೌಳಿಗರ ವಾಡೆ ಇತ್ತು. ಅಲ್ಲಿಂದ ಒಂದು ಹೆಣ್ಣುಮಗುವೂ ಸಾಲೆ ಕಂಡಿರಲಿಲ್ಲ. ಜುಲೈ ತಿಂಗಳಲ್ಲಿ ಕಂಬಳಿಯ ಕೊಪ್ಪೆ ಹೊದ್ದು ನಾನೇ ಹತ್ತಿ ಹೋದೆ. ಭಾಗೂ ಎಂಬ ಹತ್ತು ವರ್ಷದ ಹುಡುಗಿ ಎಮ್ಮೆಯ ಮೈಯಿಂದ ಉಣ್ಣೆಹುಳ ಕೀಳುತ್ತ ಕೂತಿದ್ದಳು. ಅವಳ ಅವ್ವ ನನ್ನ ಮಾತನ್ನೆಲ್ಲ ಕೇಳಿ, ಅಕ್ಷರದ ಬಗ್ಗೆ ಏನೂ ಕೇಳಲಿಲ್ಲ.

"ಮಧ್ಯಾನಕ ಊಟಾ ಕೊಡತೀರಂತ. ದಿನಾ ಕೊಡತೀರಿ?"

"ದಿನಾ."

"ಒಂದ ದಿನಾ ತಪ್ಪಿದ್ರ?"

"ತಪ್ಪೂದಿಲ್ಲ."

"ಊಟ ಇರೂತನಕಾ ಕಳಸತೇನಿ ಬಾಯಿ. ಇಲ್ಲದ ದಿನದಿಂದ ಎಮ್ಮಿ ಕಾಯತಾರ. ನಿಮಗೂ ಬ್ಯಾಸರ ಬ್ಯಾಡ, ನಮಗೂ ಬ್ಯಾಡ."

ಮರುದಿನ ಭಾಗೂ ಸೇರಿ ಒಂಬತ್ತು ಹುಡುಗಿಯರು ಸಾಲು ಹಿಡಿದು ಇಳಿದು ಬಂದರು. ಪ್ರತಿಯೊಬ್ಬಳ ಕೈಯಲ್ಲೂ ಒಂದೊಂದು ತಾಟು, ಬರೆಯುವ ಪಾಟಿ ಯಾರ ಹತ್ತಿರವೂ ಇಲ್ಲ. ಮಾರ್ಚ್ ತಿಂಗಳ ಪರೀಕ್ಷೆಗೆ ಈ ಒಂಬತ್ತೂ ಜನ ಕೂಡಬೇಕು ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಆ ವರ್ಷ ಬಿಟ್ಟರೆ ಅವರು ಮತ್ತೆ ಬರುವವರಲ್ಲ, ಅದು ನನಗೂ ಗೊತ್ತಿತ್ತು, ಅವರ ಅವ್ವಂದಿರಿಗೂ.

ಹೊರಗಿನ ಸುದ್ದಿಯೆಲ್ಲ ನಮಗೆ ಸುಭೇದಾರ ಮಾಮಾನ ಹೆಗಲಿನಿಂದಲೇ ಬರುತ್ತಿತ್ತು. ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ಜನ ಗಡಿ ದಾಟಿ ಬರುತ್ತಿದ್ದಾರೆ ಎಂದು ದಿನವೂ ಕೇಳುತ್ತಿದ್ದೆವು. ಅದೇ ಜುಲೈಯಲ್ಲಿ ಅಮೇರಿಕದ ದೊಡ್ಡ ಸಲಹೆಗಾರನೊಬ್ಬ ಪಾಕಿಸ್ತಾನಕ್ಕೆ ಬಂದು, ಹೊಟ್ಟೆನೋವು ಎಂದು ಸುಳ್ಳು ಹೇಳಿ, ಗುಟ್ಟಾಗಿ ಚೀನಕ್ಕೆ ಹೋಗಿ ಬಂದ ಸುದ್ದಿ ಬಂತು. ಊರು ಇದನ್ನು ಬಹಳ ದಿನ ಬಿಡಲಿಲ್ಲ. ಸಾಲೆಯಲ್ಲಿ ಯಾರಾದರೂ ಹೊಟ್ಟೆನೋವು ಎಂದು ಮನೆಗೆ ಹೋಗಲು ಕೇಳಿದರೆ ಉಳಿದವರು, "ಯಾಕಲೇ, ಚೀನಾಕ್ಕ ಹೊಂಟಿ?" ಎನ್ನುತ್ತಿದ್ದರು. ಖರೇ ಹೊಟ್ಟೆನೋವು ಬಂದವರೂ ಸುಮ್ಮನೆ ಕೂತುಬಿಡುತ್ತಿದ್ದರು.

ಆಗಸ್ಟಿನಲ್ಲಿ ರಷ್ಯದ ಜೊತೆ ಕರಾರಾಯಿತು. ಮಾಮಾ ಅಂದು ಬಹಳ ಖುಷಿಯಲ್ಲಿದ್ದರು. ಮಾಮಿ ತೊಳೆದಿಟ್ಟ ಭಾಂಡೆಗಳನ್ನು ಕಟ್ಟೆಯ ಮೇಲೆ ಹರವಿ ನನಗೆ, ಗಂಗವ್ವನಿಗೆ ತಿಳಿಸಿ ಹೇಳಿದರು. ದೊಡ್ಡ ತಪೇಲಿ ಅಮೇರಿಕ. ಹಿತ್ತಾಳೆ ತಂಬಿಗೆ ರಷ್ಯ. ಬಾಗಿಲ ಸಂದಿಯಲ್ಲಿ ನಿಲ್ಲಿಸಿದ ಪರಾತ ಚೀನ. ಚಹದ ಕಪ್ಪು ನಾವು, ಅದರ ಬಸಿ ಪಾಕಿಸ್ತಾನ.

"ತಪೇಲಿ, ಪರಾತಾ, ಬಸಿ, ಈ ಮೂರೂ ಒಂದಾದ್ವು. ಬರೋಬರ? ಕಪ್ಪ ಒಂದ ಉಳೀತು. ಈಗ ಈ ತಂಬಗಿ ಬಂದ ಬಾಜೂಕ ನಿಂತೇತಿ. ಇನ್ನ ಯಾರ ಮುಟ್ಟತಾರ ಮುಟ್ಟಲಿ."

ಅಷ್ಟರಲ್ಲಿ ಮಾಮಿ ತಂಬಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದರು.

"ಏ, ರಷ್ಯಾ ತಗೊಂಡ ಎಲ್ಲಿ ಹೊಂಟಿ?"

"ಕಾಲ ತೊಳಕೊಳ್ಳಾಕ. ನಿಮ್ಮ ಲಢಾಯಿ ಮುಗಿಯೂತನಕಾ ಕೆಸರಕಾಲಾಗ ನಿಂದರಲಿ ಏನ ನಾ?"

ಗಂಗವ್ವ ನಕ್ಕು, ಆಮೇಲೆ ಕೇಳಿದಳು: "ಒಂದ ತಿಳೀವಲ್ತರಿ ಮಾಮಾ. ಆ ಅಮೇರಿಕಾದವರು ಅತ್ತಾಗ ಅವರಿಗಿ ತೋಪ ಕೊಡತಾರ, ಇತ್ತಾಗ ನಮಗ ಹಿಟ್ಟ ಕೊಡತಾರ. ಹಿಂಗ್ಯಾಕ?"

"ದೊಡ್ಡವರು ಎರಡೂ ಕೈಲೆ ಕೊಡತಾರವ್ವಾ. ಒಂದ ಕೈ ಕೊಟ್ಟದ್ದು ಇನ್ನೊಂದ ಕೈಗಿ ಗೊತ್ತ ಇರೂದಿಲ್ಲ."

ಮಳೆ ಸೆಪ್ಟೆಂಬರಿಗೆ ಹೊಳವಾಯಿತು. ಭಾಗೂ ಅಕ್ಟೋಬರಿನಲ್ಲಿ ತನ್ನ ಹೆಸರು ಬರೆದಳು. ಬರೆದು, ಎಮ್ಮೆಗಳ ಹೆಸರನ್ನೂ ಬರೆಸಿಕೊಡಲು ಕೇಳಿದಳು. ಮೂವತ್ತೊಂದು ಎಮ್ಮೆ, ಮೂವತ್ತೊಂದು ಹೆಸರು. ಒತ್ತಕ್ಷರಗಳನ್ನು ನಾನು ಆ ಎಮ್ಮೆಗಳ ಮೇಲೆಯೇ ಕಲಿಸಿದೆ. ದೀಪಾವಳಿಗೆ ಬೆಳಗಾವಿಗೆ ಹೋಗಿ ಬರುವಾಗ ಮಾಮಿಗೆ ಒಂದು ಡಬ್ಬಿ ಕುಂದಾ ತಂದೆ. ನವೆಂಬರಿನಲ್ಲಿ ಭತ್ತದ ಸುಗ್ಗಿ. ದತ್ತಾನ ಕಾಗದ ಆ ತಿಂಗಳ ಮೊದಲ ವಾರ ಬಂದದ್ದೇ ಕೊನೆ. ಊರ ಹೆಸರಿಲ್ಲ, ಬರೀ ನಂಬರಿನ ಮಿಲಿಟರಿ ಅಂಚೆ. 'ಇಲ್ಲಿ ನೀರು ಬಹಳ, ನಮ್ಮ ಕಡೆ ಗದ್ದೆಯ ಹಾಗೆ' ಎಂಬ ಒಂದು ಸಾಲಿನಿಂದ ಅವನು ಪೂರ್ವದ ಗಡಿಯಲ್ಲಿದ್ದಾನೆ ಎಂದು ಮಾಮಾ ಲೆಕ್ಕ ಹಾಕಿದರು.

ಡಿಸೆಂಬರಿನ ಮೊದಲ ವಾರ ಯುದ್ಧ ಶುರುವಾಯಿತು. ಬೆಳಗಾವಿಯಲ್ಲಿ ಕಿಟಕಿಗಳಿಗೆ ಕರಿ ಕಾಗದ ಅಂಟಿಸಿದ್ದಾರೆ ಎಂದು ಅಪ್ಪ ಬರೆದಿದ್ದರು. ನಮ್ಮ ಊರಲ್ಲಿ ಮುಚ್ಚಲು ದೀಪಗಳೇ ಇರಲಿಲ್ಲ. ಮಾಮಾನ ಮಾತು ನಿಂತಿತು. ಭಾಂಡೆ ಹರವಿ ಹೇಳಿದ ಮನುಷ್ಯ ಈಗ ರೇಡಿಯೊ ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಅಮೇರಿಕ ಪಾಕಿಸ್ತಾನದ ಕಡೆ ನಿಂತಿದೆ ಎಂದು ದಿನವೂ ಬರುತ್ತಿತ್ತು. ಸೋಮವಾರ ಮಧ್ಯಾಹ್ನ ಐದಾರು ಜನರೊಡನೆ ಅವರು ಸಾಲೆಗೆ ಬಂದರು. ಹಂಡೆಯಲ್ಲಿ ಉಪ್ಪಿಟ್ಟು ಕುದಿಯುತ್ತಿತ್ತು.

"ಬಾಯಿ, ಇದು ಇವತ್ತಿನಿಂದ ಬಂದ್."

ನನಗೆ ಅರ್ಥವಾಗಲಿಲ್ಲ.

"ನಮ್ಮ ಹುಡುಗರ ಮ್ಯಾಲ ಯಾರ ಗುಂಡ ಬೀಳತಾವ, ಅವರ ಹಿಟ್ಟ ನಮ್ಮ ಮಕ್ಕಳ ಹೊಟ್ಟ್ಯಾಗ ಹೋಗಬಾರದು. ಚೀಲಾ ಎಲ್ಲಾ ಖೋಲಿಯೊಳಗ ಹಾಕಿ ಕೀಲಿ ಹಾಕ್ರಿ."

"ಮಕ್ಕಳು ಏನ ಉಣ್ಣಬೇಕ್ರಿ ಮಾಮಾ? ಗೌಳಿವಾಡ್ಯಾಗಿನ ಹುಡುಗ್ಯಾರು..."

"ಊರ ಅದ. ಊರಾಗ ಅಕ್ಕಿ ಅದ. ನಮ್ಮ ಮಕ್ಕಳಿಗಿ ನಾವ ಉಣಸತೇವಿ."

ಅವರ ದನಿ ಏರಲಿಲ್ಲ. ಆ ಮಾತು ಅಂದು ನನಗೂ ಹಿಡಿಸಿತು. ಆ ಸಂಜೆ ಮಾರುತಿ ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಒಪ್ಪಿದರು: ಸುಗ್ಗಿ ಮುಗಿದಿದೆ, ಭತ್ತ ಕುಟ್ಟಿಸಿದ ಮನೆಯಲ್ಲಿ ನುಚ್ಚಕ್ಕಿ ಇದ್ದೇ ಇದೆ, ದಿನಕ್ಕೊಂದು ಮುಷ್ಟಿ ಮನೆಮನೆಯಿಂದ ಸಾಲೆಗೆ ಬರಲಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಚಡ್ಡಿಗಳ ಮಾತೂ ಬಂತು. ಬಿಸಾಡಲು ಯಾರಿಗೂ ಮನಸ್ಸಿರಲಿಲ್ಲ. ಒಳಗಿನದನ್ನು ಹೊರಗೆ ಮಾಡಿ ತೊಡಿಸುವುದೆಂದು ಹೆಂಗಸರು ತೀರ್ಮಾನಿಸಿದರು. ಯುದ್ಧ ಮುಗಿಯುವವರೆಗೆ ಊರಿನ ಗಂಡುಹುಡುಗರು ಹೊಲಿಗೆ ಹೊರಗೆ ಮಾಡಿಕೊಂಡೇ ಓಡಾಡಿದರು.

ಮೊದಲ ದಿನ ನುಚ್ಚಕ್ಕಿಯ ಗಂಜಿ, ಮೇಲೆ ಮಜ್ಜಿಗೆ, ಉಪ್ಪಿನಕಾಯಿಯ ಖಾರ. ಮಕ್ಕಳು ತಾಟು ನೆಕ್ಕಿದರು. ಅಮೇರಿಕದ ಹಿಟ್ಟಿಗೆ ಇಲ್ಲದ ರುಚಿ ಇದಕ್ಕಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಎರಡನೆಯ ದಿನ ಪಾಟೀಲರ ಮನೆಯ ಹಿರಿಯ ಸೊಸೆ ಅಡುಗೆ ಚಪ್ಪರಕ್ಕೆ ಬಂದು ನಿಂತು ನನ್ನ ಕಡೆ ನೋಡಿದರು.

"ಏನಿಲ್ಲ ಅಕ್ಕಾರ. ನಮ್ಮ ಮನಿ ಅಕ್ಕಿ ಯಾರ ಕೈಯಾಗ ಕುದಿಯಾಕತ್ತೈತಿ ಅಂತ ನೋಡಾಕ ಬಂದೆ."

ಗಂಗವ್ವ ಕಟ್ಟಿಗೆಯ ಹುಟ್ಟು ತಿರುವುತ್ತ ತಲೆ ಎತ್ತದೆ ಹೇಳಿದಳು: "ಆರ ತಿಂಗಳಾತು, ಇದ ಕೈ, ಇದ ಹುಟ್ಟು. ಈಗ್ಯಾಕ ಕಣ್ಣಿಗಿ ಬಿತ್ತರಿ?"

"ಅದು ಅಮೇರಿಕಾದ ಹಿಟ್ಟ ಇತ್ತಲ್ಲ. ಇದು ಮನಿ ಅಕ್ಕಿ."

ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಜ್ವರ ಬಂದಾಗ ನನಗೆ ಗಂಜಿ ಕಳಿಸಿದವರು ಅವರೇ. ಆದರೆ ಅವರು ಹೇಳಿದ್ದು ಇಡೀ ಊರಿನ ಮಾತಾಗಿತ್ತು. ಕಡಲು ದಾಟಿ ಬಂದ ಹಿಟ್ಟಿಗೆ ಮನೆ ಇರಲಿಲ್ಲ, ಓಣಿ ಇರಲಿಲ್ಲ, ಜಾತಿ ಇರಲಿಲ್ಲ. ಅದನ್ನು ಯಾರು ಕಲಕಿದರು, ಯಾರ ಮಗ್ಗುಲಲ್ಲಿ ಯಾರು ಕೂತು ತಿಂದರು ಎಂದು ಯಾರೂ ನೋಡಿರಲಿಲ್ಲ. ಮುಷ್ಟಿ ಅಕ್ಕಿಯ ಹಿಂದೆ ಮನೆಯೂ ಸಾಲೆಗೆ ನಡೆದು ಬಂತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಬಸವಣ್ಣನ ವಚನ ಹೇಳಿಕೊಂಡು ಬೆಳೆದ ಮನೆಯವಳು ನಾನು, ನನಗೂ ಹೊಳೆಯಲಿಲ್ಲ.

ಮೂರನೆಯ ದಿನ, ಅಕ್ಕಿ ಕೊಟ್ಟ ಮನೆಯ ಮಕ್ಕಳು ಮುಂದೆ ಕೂಡಲಿ ಎಂದರು. ಗೌಳಿಗರಿಗೆ ಗದ್ದೆ ಇಲ್ಲ, ಭತ್ತ ಇಲ್ಲ. ಅವರ ಮನೆಯಿಂದ ಮುಷ್ಟಿ ಬಂದಿರಲಿಲ್ಲ. ಒಂಬತ್ತು ಹುಡುಗಿಯರು ಕಟ್ಟೆಯ ಕೊನೆಗೆ, ಕುಡಿಯುವ ನೀರಿನ ಮಣ್ಣಿನ ಹರಿವೆಯ ಆಚೆ ಕೂತರು. ಯಾರೂ ಕೂಡಿಸಲಿಲ್ಲ, ಸಾಲು ತಾನಾಗಿಯೇ ಅವರನ್ನು ಅಲ್ಲಿಗೆ ದೂಡಿತು. ನಾನು ಭಾಗೂನನ್ನು ಕೈ ಹಿಡಿದು ಮುಂದೆ ಕೂಡಿಸಿದೆ. ಮಗ್ಗುಲಿನ ಎರಡು ಮಕ್ಕಳು ಎದ್ದು ಮನೆಗೆ ಹೋದರು, ಮರುದಿನ ಆ ಎರಡು ಮನೆಯ ಅಕ್ಕಿ ಬರಲಿಲ್ಲ. ಗಂಜಿ ತೆಳ್ಳಗಾಯಿತು. ಶನಿವಾರ, ಭಾಗೂ ಮತ್ತೆ ಹೋಗಿ ಕೂತಿದ್ದ ಸಾಲಿನ ಕೊನೆಗೆ ಬರುವಷ್ಟರಲ್ಲಿ ಹಂಡೆ ಬರಿದಾಗಿತ್ತು. ಭಾಗೂ ಎದ್ದಳು. ಉಣ್ಣದ ತಾಟನ್ನು ಹರಿವೆಯ ನೀರಲ್ಲಿ ತೊಳೆದು, ಲಂಗದ ಅಂಚಿನಿಂದ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು ಉಳಿದ ಎಂಟು ಜನರನ್ನು ಎಬ್ಬಿಸಿಕೊಂಡು ಹೋದಳು.

ಸೋಮವಾರ ನಾಲ್ವರು ಬಂದರು. ಬುಧವಾರ ಯಾರೂ ಇಲ್ಲ.

ಅದೇ ವಾರ ಅಮೇರಿಕದ ದೊಡ್ಡ ಯುದ್ಧನೌಕೆಗಳು ಬಂಗಾಳ ಕೊಲ್ಲಿಯ ಕಡೆ ಹೊರಟಿವೆ ಎಂದು ರೇಡಿಯೊ ಹೇಳಿತು. ಹಿಂದೆ ರಷ್ಯದ ಹಡಗುಗಳೂ ಬರುತ್ತಿವೆ ಎಂದರು. ಮಾಮಾ ಊಟ ಬಿಟ್ಟು ಎದ್ದರು. ಎರಡು ದಿನದಲ್ಲಿ ಢಾಕಾ ಶರಣಾಯಿತು, ಯುದ್ಧ ಮುಗಿಯಿತು. ಊರಲ್ಲಿ ಹಲಗೆ ಬಾರಿಸಿದರು, ಸಕ್ಕರೆ ಹಂಚಿದರು. ಮಾಮಾ ಪೇಟ ಸುತ್ತಿಕೊಂಡು, ಪದಕ ಹಚ್ಚಿಕೊಂಡು ಬಂದು, ಎಲ್ಲರಿಗಿಂತ ಮೊದಲು ಮನೆಗೆ ಮರಳಿದರು. ದತ್ತಾನ ಕಾಗದ ಬಂದಿರಲಿಲ್ಲ. ಅಂಚೆಯವನು ದೂರದಿಂದಲೇ ಮಾಮಿಗೆ ಕೈ ಅಲ್ಲಾಡಿಸಿ, ಇಲ್ಲ ಎಂದು ಹೇಳಿ, ಬೇರೆ ದಾರಿಯಿಂದ ಹೋಗುತ್ತಿದ್ದ.

ನಾನು ಗೌಳಿವಾಡೆಗೆ ಹೋದೆ. ಭಾಗೂ ಎಮ್ಮೆಗಳ ಹಿಂದೆ ಕಾಡಿಗೆ ಹೋಗಿದ್ದಳು. ಅವಳ ಅವ್ವ ಬೆಣ್ಣೆ ಕಡೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಒಂದ ದಿನಾ ತಪ್ಪಿದ್ರ ಅಂತ ನಾ ಮೊದಲ ಕೇಳಿದ್ದೆ ಬಾಯಿ."

 ಇಳಿದು ಬರುವಾಗ ಒಂದೇ ಲೆಕ್ಕ ತಲೆಯಲ್ಲಿ. ಸಾಲೆಯ ಖೋಲಿಯಲ್ಲಿ ಏಳು ಚೀಲ ಹಿಟ್ಟು ಹುಳ ಹಿಡಿಯಲು ಕಾಯುತ್ತಿತ್ತು. ಕೀಲಿ ನನ್ನ ಸೊಂಟದಲ್ಲಿತ್ತು. ಆದರೆ ಅದನ್ನು ತೆಗೆಯುವ ಮಾತು ಮಾಮಾನದಾಗಿತ್ತು.

ಆ ಸಂಜೆ ಪಡಸಾಲೆಯಲ್ಲಿ ಮಾಮಿ ಅಕ್ಕಿ ಹಸನು ಮಾಡುತ್ತಿದ್ದರು. ನಾನು ನಡೆದದ್ದನ್ನೆಲ್ಲ ಮಾಮಾಗೆ ಹೇಳಿದೆ. ಸಾಲಿನ ಮಾತು, ಹರಿವೆಯ ಆಚೆಯ ಮಾತು, ತೊಳೆದ ತಾಟಿನ ಮಾತು. ಅವರು ರೇಡಿಯೊ ಸಣ್ಣ ಮಾಡಿದರು, ಬಂದ್ ಮಾಡಲಿಲ್ಲ.

"ಬಾಯಿ, ಆ ಜಹಾಜ ಇನ್ನೂ ಅಲ್ಲೇ ನಿಂತಾವ. ನನ್ನ ಮಗಾ ಎಲ್ಲಿದ್ದಾನ ಗೊತ್ತಿಲ್ಲ. ನಾ ಹ್ಯಾಂಗ ಆ ಚೀಲಾ ತಗೀರಿ ಅನ್ನಲಿ?"

 ಮಾಮಿ ಮೊರ ಕೆಳಗಿಟ್ಟರು.

"ಇಟಲಿಯೊಳಗ ಡಬ್ಬಿ ಒಡದ ತಿಂದಿದ್ರಲ್ಲ, ಆ ಡಬ್ಬಿ ಯಾರದಿತ್ತು?"

"ಅದು ಬ್ಯಾರೆ."

"ಅಮೇರಿಕಾದ ಡಬ್ಬಿ ತಿಂದ ಮೀಸಿ ಬೆಳಸೀರಿ. ಊರಿಗಿ ಬಂದ ಎಷ್ಟ ಸಲ ಹೇಳಿಲ್ಲ ನೀವು? ಒಂದ ಡಬ್ಬಿ, ಹದಿನೆಂಟ ಕೈ, ಯಾವ ಜಾತಿ ಯಾವ ಊರು ಯಾರೂ ಕೇಳಲಿಲ್ಲ ಅಂತ."

"ಅಲ್ಲಿ ಹೊಟ್ಟಿ ಹಸದಿತ್ತು."

"ಇಲ್ಲಿ?"

ಮಾಮಾ ಎದ್ದು ಹೊರಗೆ ಹೋದರು. ಮಾಮಿ ಮತ್ತೆ ಮೊರ ಹಿಡಿದು, ತಮ್ಮಷ್ಟಕ್ಕೆ, "ನನ್ನ ಮಗಗ ಇವತ್ತ ಯಾರ ಉಣಿಸ್ಯಾರೋ, ಅವರ ಮನಿ ತಣ್ಣಗಿರಲಿ" ಎಂದರು.

ಮರುದಿನ ಬೆಳಿಗ್ಗೆ ಸಾಲೆಗೆ ಬಂದ ಗಂಗವ್ವ ನನ್ನ ಮುಂದೆ ಕೈ ಚಾಚಿದಳು. "ಕೀಲಿ ಕೊಡ್ರಿ ಅಕ್ಕಾರ." ಏಕೆಂದು ಕೇಳಲಿಲ್ಲ, ಕೊಟ್ಟೆ. ಅವಳು ಒಂದು ಚೀಲ ಎಳೆದು ತಂದು, ಅಂದು ಮುಷ್ಟಿಯಲ್ಲಿ ಬಂದ ನುಚ್ಚಕ್ಕಿಯನ್ನು ಪರಾತದಲ್ಲಿ ಸುರುವಿ, ಅದರ ಮೇಲೆ ಅಷ್ಟೇ ಹಳದಿ ಹಿಟ್ಟು ಹಾಕಿ, ಎರಡೂ ಕೈಯಿಂದ ಕಲಸಿದಳು. ಮೊಣಕೈವರೆಗೆ ಹಳದಿಯಾಯಿತು. ಹಂಡೆಯಲ್ಲಿ ಒಗ್ಗರಣೆ ಚಟಪಟ ಎಂದಮೇಲೆ ಎಲ್ಲವನ್ನೂ ಒಮ್ಮೆಲೇ ಸುರಿದಳು.

ಘಮ ಊರಿಗೆ ಮುಟ್ಟಿತು. ಮೊದಲು ಪಾಟೀಲರ ಸೊಸೆ ಬಂದರು, ಅವರ ಹಿಂದೆ ಮತ್ತೆ ನಾಲ್ಕು ಜನ.

"ಇದೇನ ಗಂಗವ್ವಾ, ಇದರಾಗ ನಮ್ಮ ಮನಿ ಅಕ್ಕಿ ಯಾವದ?"

"ಆರಿಸಿಕೋರ್ರಿ."

ಹಿಂದೆ ನಿಂತಿದ್ದ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಪಾಟೀಲರ ಸೊಸೆ ಹಂಡೆಯಲ್ಲಿ ಇಣುಕಿದರು. ಹಳದಿಯಲ್ಲಿ ಬಿಳಿ, ಬಿಳಿಯಲ್ಲಿ ಹಳದಿ, ಎಲ್ಲ ಒಂದೇ ಸಮ ಕುದಿಯುತ್ತಿತ್ತು. ಅವರೂ ನಗುವುದನ್ನು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡರು. ಅದೇ ಹೊತ್ತಿಗೆ ಮಾಮಾ ಬಂದರು. ಎಲ್ಲರೂ ದಾರಿ ಬಿಟ್ಟರು. 

"ಯಾರ ಹುಕುಂ?"

"ನಂದ" ಎಂದಳು ಗಂಗವ್ವ, ಹುಟ್ಟು ಹಿಡಿದುಕೊಂಡೇ. "ನೀವ ಹೇಳಿದ್ರಿ, ಊರ ಅಕ್ಕಿ ಹಾಕಬೇಕಂತ. ಹಾಕೇನಿ. ಊರ ಅಕ್ಕಿ ಒಂದ ಸಾಲಾಗ ಕೂಡಸವಲ್ತು. ಅದಕ ಇದನ್ನ ಕೂಡಸೇನಿ. ಈಗ ಇದು ಯಾರ ಮನೀದೂ ಅಲ್ಲ, ಯಾರ ದೇಶದ್ದೂ ಅಲ್ಲ. ಹಂಡೇದು."

ಮಾಮಾ ಹಂಡೆ ನೋಡಿದರು. ಆಮೇಲೆ ಕಟ್ಟೆಗೆ ಬಂದು ಚಪ್ಪಲಿ ಕಳೆದು, ಸಾಲಿನ ಉದ್ದಕ್ಕೂ ನಡೆದು, ನೀರಿನ ಹರಿವೆಯ ಆಚೆ, ಆ ಹುಡುಗಿಯರು ಕೂಡುತ್ತಿದ್ದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಗಂಗವ್ವ ತಾಟಿಗೆ ಬಡಿಸಿದಳು. ಊರು ನೋಡುತ್ತಿತ್ತು. ಅವರು ಒಂದು ತುತ್ತು ತಿಂದು, ನುಂಗಿ, ಇನ್ನೊಂದು ತಿಂದರು.

"ಉಪ್ಪ ಕಡಿಮಿ ಆಗೇತಿ."

"ಯಾವ ದೇಶದ ಉಪ್ಪ ಹಾಕಲ್ರಿ?" ಎಂದಳು ಗಂಗವ್ವ. ಆಗ ಮಾಮಾನೂ ನಕ್ಕರು. ಬಹಳ ದಿನಕ್ಕೆ.

ಮುಂದೆ ಕೂತಿದ್ದ ಪಾಟೀಲರ ಮೊಮ್ಮಗ ತಾಟು ಎತ್ತಿಕೊಂಡು ಹೋಗಿ ಮಾಮಾನ ಮಗ್ಗುಲಲ್ಲಿ ಕೂತ. ಸುಭೇದಾರರ ಮಗ್ಗುಲು ಅಂದರೆ ಊರಿನ ಹುಡುಗರಿಗೆ ಸಣ್ಣ ಮಾತಲ್ಲ. ನೋಡುನೋಡುತ್ತ ಇಡೀ ಸಾಲು ಹರಿವೆಯ ಆಚೆ ಸರಿಯಿತು. ಕಟ್ಟೆಯ ಮುಂಭಾಗ ಖಾಲಿ.

ಮಧ್ಯಾಹ್ನ ಇಳಿದಮೇಲೆ ಮಾಮಾ, "ನಡೀರಿ ಬಾಯಿ" ಎಂದರು. ಗೌಳಿವಾಡೆಯ ಏರು ಹತ್ತುವಾಗ ಅವರಿಗೆ ಎರಡು ಸಲ ದಣಿವಾರಿಸಿಕೊಳ್ಳಬೇಕಾಯಿತು. ಹೆಗಲ ಮೇಲೆ ರೇಡಿಯೊ ಇರಲಿಲ್ಲ; ಅದನ್ನು ನಾನು ಅರ್ಧ ದಾರಿ ನಡೆದ ಮೇಲೆ ನೋಡಿದೆ. ಭಾಗೂನ ಅವ್ವ ಕಂಬಳಿ ಹಾಸಿದಳು. ಕೂತಳು. ಕೇಳಿದ್ದು ಅದೇ ಪ್ರಶ್ನೆ.

"ಮತ್ತ ತಪ್ಪಿದ್ರ?"

ನಾನು ಬಾಯಿ ತೆರೆಯುವ ಮೊದಲೇ ಮಾಮಾ ಹೇಳಿದರು: "ತಪ್ಪಿದ್ರ ನನ್ನ ಮನಿಗಿ ಕಳಸವ್ವಾ. ನನ್ನ ಮನ್ಯಾಗ ಒಂದ ತಾಟ ಖಾಲಿ ಅದ."

ದತ್ತಾನ ಕಾಗದ ಬಾರದ ಸುದ್ದಿ ಅವಳಿಗೆ ಗೊತ್ತಿತ್ತು. ಬೆಣ್ಣೆ ಕೊಡಲು ಮನೆಮನೆಗೆ ಹೋಗುವವಳು. 

"ಒಂಬತ್ತ ಮಂದಿಗಿ ಒಂದ ತಾಟ ಹ್ಯಾಂಗ ಸಾಲತೈತ್ರಿ ಸುಭೇದಾರ?"

"ಪಾಳಿ ಹಚ್ಚೂಣು."

ಅವಳು ಎದ್ದು ಒಳಗೆ ಹೋಗಿ, ಮುತ್ತಲ ಎಲೆಯಲ್ಲಿ ಒಂದು ಮುದ್ದೆ ಬೆಣ್ಣೆ ಕಟ್ಟಿ ತಂದು ನನ್ನ ಕೈಗೆ ಕೊಟ್ಟಳು. ಕಳಿಸುತ್ತೇನೆ ಎಂದು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮರುದಿನ ಏಳು ಜನ ಬಂದರು. ಇಬ್ಬರು ಎಮ್ಮೆಗಳೊಡನೆ ಘಟ್ಟದ ಕೆಳಗೆ ಹೋಗಿಬಿಟ್ಟಿದ್ದರು. ಅವರನ್ನು ನಾನು ಮತ್ತೆ ನೋಡಲಿಲ್ಲ. ಹಾಜರಿ ಪುಸ್ತಕದಿಂದ ಅವರ ಹೆಸರನ್ನು ಮಾರ್ಚ್‌ವರೆಗೂ ಕರೆಯುತ್ತಿದ್ದೆ. ಏಳೂ ಜನ ಪರೀಕ್ಷೆಗೆ ಕೂತರು. ಭಾಗೂ ಮುಂದಿನ ಎರಡು ವರ್ಷವೂ ಬಂದಳು. ಸಂಕ್ರಾಂತಿಯ ಹಿಂದಿನ ದಿನ ದತ್ತಾನ ಕಾಗದ ಬಂತು. ಎಡಗೈಯ ಎರಡು ಬೆರಳು ಹೋಗಿದ್ದವು, ಉಳಿದಂತೆ ಆರಾಮ. ಹಡಗುಗಳೂ ಆ ಹೊತ್ತಿಗೆ ತಮ್ಮ ದಾರಿ ಹಿಡಿದಿದ್ದವು. ಹಂಡೆಯಲ್ಲಿ ಎರಡನ್ನೂ ಕೂಡಿಸುವ ಪದ್ಧತಿ ನಾನು ವರ್ಗವಾಗಿ ಬರುವವರೆಗೆ ನಡೆಯಿತು. ತಪಾಸಣೆಗೆ ಬಂದ ಸಾಹೇಬರು ತಿಂದು, ಹಿಟ್ಟು ಈ ಸಲ ಚೆನ್ನಾಗಿ ಬಂದಿದೆ ಎಂದರು.

ಆದರೆ ಗೌಳಿವಾಡೆಯಿಂದ ಇಳಿದು ಬಂದ ಆ ಸಂಜೆ ನಮಗೆ ಇದಾವುದೂ ಗೊತ್ತಿರಲಿಲ್ಲ. ಹುಡುಗಿಯರು ಬರುವರೋ ಇಲ್ಲವೋ, ಕಾಗದ ಬರುವುದೋ ಇಲ್ಲವೋ. ಮಾಮಿ ಬಿಸಿ ಬಿಸಿ ಅಕ್ಕಿ ಭಾಕರಿ ಬಡಿದರು. ಜೊತೆಗೆ ಹುರುಳಿ ಕಟ್ಟಿನ ಸಾರು, ಸುಟ್ಟ ಬದನೆಕಾಯಿ. ಗೌಳಿವಾಡೆಯ ಬೆಣ್ಣೆಯನ್ನು ಮಾಮಿ ಮೂರು ಪಾಲು ಮಾಡಿ ಭಾಕರಿಯ ಮೇಲೆ ಇಟ್ಟರು. ಮಾಮಾ ಎರಡು ಭಾಕರಿ ತಿಂದು ಮೂರನೆಯದನ್ನು ಕೇಳಿದರು. ಊಟವಾದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿದವರು ವಾರ್ತೆಗೆ ಇನ್ನೂ ಅರ್ಧ ತಾಸು ಇರುವಾಗಲೇ ನಿದ್ದೆ ಹೋದರು. ಮಾಮಿ ಅವರ ಮೇಲೆ ಕೌದಿ ಹೊದಿಸಿದರು. ಅವರ ನಂತರ ನಾನು ಮಲಗಿದೆ. ಮಾಮಿ ಯಾವಾಗ ಮಲಗಿದರೋ ನನಗೆ ತಿಳಿಯದು.